ತೊಲೆಯ ದಪ್ಪ ತುದಿ

“ತನ್ನ ನೆತ್ತಿ ಮ್ಯಾಲೆ ಆಡು ಮೇಯಾಕ ಬಿಟ್ಟಾಂವ, ನನ್ನ ಗೋದಾಮಿಗೆ ಸ್ಲ್ಯಾಬ್ ಹಾಕ್ತಾನಂತ.”

ಬಸಂತರಾಯ ಸಾವಕಾರರು ಈ ಮಾತು ಹೇಳಿದ್ದು ಹದಿನೆಂಟು ಜನ ಊಟಕ್ಕೆ ಕೂತ ಪಂಕ್ತಿಯಲ್ಲಿ. ಇಂಡಿಯಲ್ಲಿ ಅವರ ಹೊಸ ಮನೆಗೆ ಅಂದು ಸ್ಲ್ಯಾಬ್ ಹಾಕಿ ಮುಗಿಸಿದ್ದೆವು. ಸ್ಲ್ಯಾಬ್ ಬಿದ್ದ ದಿನ ಕೆಲಸದವರಿಗೆ ಸಿಹಿ ಊಟ ಹಾಕುವುದು ರೂಢಿ. ಸಜ್ಜಕ, ತುಪ್ಪ, ಎಣ್ಣೆಗಾಯಿ. ಬೆಳಿಗ್ಗೆ ಆರರಿಂದ ಬುಟ್ಟಿ ಹೊತ್ತು ಹಸಿದಿದ್ದ ಹದಿನೆಂಟು ಬಾಯಿಗಳು ಅಗಿಯುವುದನ್ನು ನಿಲ್ಲಿಸಿ, ನನ್ನ ಕಡೆ ತಿರುಗಿ, ಆಮೇಲೆ ಒಟ್ಟಿಗೆ ನಕ್ಕವು. ಒಬ್ಬನ ಮೂಗಿನಿಂದ ಸಜ್ಜಕ ಬಂತು. ಅದಕ್ಕೆ ಇನ್ನೊಂದು ಸಲ ನಕ್ಕರು.

ಮಾತು ಶುರು ಮಾಡಿದವನು ನಮ್ಮ ಮೇಸ್ತ್ರಿ ರೇವಣಪ್ಪ. ಅವನ ಮೊಣಕಾಲು ಸವೆದಿವೆ, ಏಣಿ ಹತ್ತಲಾರ. ಲಿಂಬಿ ಮಾರ್ಕೆಟ್ಟಿನ ಹಿಂದೆ ಸಾವಕಾರರು ಕಟ್ಟಿಸಬೇಕೆಂದಿರುವ ಗೋದಾಮಿನ ಕೆಲಸವನ್ನು ತನ್ನ ಬದಲು ನನಗೆ ಕೊಡಿರೆಂದು ಅವನೇ ಕೇಳಿದ್ದ. “ಸೋಮನಿಂಗನ ಕೈ ಚಲೋ ಐತ್ರಿ. ಬಾಯಿ ಅಷ್ಟ ಬಿರುಸು,” ಎಂದಿದ್ದ. ಅದಕ್ಕೆ ಸಾವಕಾರರ ಉತ್ತರ, ಆಡು.

“ಹೋದ ವಾರ ಸಾಲೋಟಗಿಗೆ ಲಿಂಬಿ ನೋಡಾಕ ಬಂದಿದ್ದೆ,” ಎಂದು ಅವರು ಪಂಕ್ತಿಗೆಲ್ಲ ಕೇಳುವಂತೆ ವಿವರಿಸಿದರು. “ಒಂದು ಮಣ್ಣಿನ ಮ್ಯಾಳಗಿ ಮ್ಯಾಲೆ ಕರೀ ಆಡು ನಿಂತು ಹುಲ್ಲು ಮೇಯಾಕತ್ತಿತ್ತು. ಯಾರ ಮನೀಪಾ ಇದು ಅಂದ್ರ, ಗೌಂಡಿ ಸೋಮನಿಂಗನ ಮನಿ ಅಂದ್ರು. ನಿಮ್ಮೂರ ಹಳೇ ಶಾಸನದಾಗ ನಿಮ್ಮ ಮ್ಯಾಳಗಿ ಹೆಸರೂ ಕೆತ್ಯಾರೇನು, ಕಿತ್ತು ಹೊಸಾದು ಹಾಕಿದ್ರ ರಾಜರು ಸಿಟ್ಟಾಗ್ತಾರಂತ?”

ನನಗೆ ಸಿಟ್ಟು ಬಂತು. ಸಿಟ್ಟು ಬರುವುದು ನನಗೆ ಹೊಸದಲ್ಲ. ಒಂಬತ್ತನೇ ಇಯತ್ತೆಯಲ್ಲಿ ಗಣಿತದ ಮಾಸ್ತರರ ಜೊತೆ ಜಗಳಾಡಿ ಶಾಲೆ ಬಿಟ್ಟವನು ನಾನು. ಆಯತದ ಕ್ಷೇತ್ರಫಲ ಬಾಯಿಪಾಠ ಬರಲಿಲ್ಲವೆಂದು ಅವರು ಹೊಡೆದರು. ಈಗ ಹನ್ನೊಂದು ವರ್ಷದಿಂದ ದಿನಾ ಆಯತಗಳ ಮೇಲೆಯೇ ನಿಂತು ಹೊಟ್ಟೆ ಹೊರೆಯುತ್ತಿದ್ದೇನೆ.

“ಆ ಮ್ಯಾಳಗಿ ತಗದು ಸ್ಲ್ಯಾಬ್ ಹಾಕೂದು ಏನ್ ದೊಡ್ಡ ಕೆಲಸರಿ,” ಎಂದೆ. “ಒಂದು ಲಕ್ಷ ಮೂವತ್ತೈದು ಸಾವಿರ. ಕಣ್ಣು ಮುಚ್ಚಿ ಹೇಳ್ತೇನಿ.”

“ಕಣ್ಣು ಮುಚ್ಚಿದ್ದಕ್ಕ ಅಷ್ಟ ಕಂಡೈತಿ,” ಎಂದರು ಸಾವಕಾರರು. ಮತ್ತೆ ನಗೆ. ಅವರು ನೀರು ಕುಡಿದು, ಗ್ಲಾಸು ಕೆಳಗಿಟ್ಟು, ಈ ಸಲ ಸ್ವಲ್ಪ ನೆಟ್ಟಗೆ ಮಾತಾಡಿದರು. “ಹಿಂಗ ಮಾಡು ತಮ್ಮಾ. ಬರೂ ಐತವಾರ ನನ್ನ ಅಡತಿ ಅಂಗಡಿಗೆ ಬಾ. ನಿನ್ನ ಮನಿ ಮ್ಯಾಳಗಿ ತಗದು ಹೊಸಾದು ಹಾಕಾಕ ಎಷ್ಟಾಕ್ಕೈತಿ, ಪೂರಾ ಬರಕೊಂಡು ಬಾ. ಒಂದೂ ಬಿಟ್ಟಿರಬಾರ್ದು. ಬಿಟ್ಟಿಲ್ಲಂದ್ರ ಗೋದಾಮು ನಿನ್ನದು. ಆದ್ರ ಮೊದಲು ನಿನ್ನ ಮನಿ, ಆಮ್ಯಾಲೆ ನನ್ನ ಗೋದಾಮು. ರೊಕ್ಕಾ ಮುಂಗಡ ನಾ ಕೊಡ್ತೇನಿ. ಆಡು ಸಾಕಿದಾಂವಗ ನಾ ಕೆಲಸಾ ಕೊಟ್ಟೆ ಅನಿಸ್ಕೊಳ್ಳಾಕ ನನಗ ಮನಸಿಲ್ಲ.”

ಮೇಸ್ತ್ರಿಯಾಗುವುದೆಂದರೆ ಏನೆಂದು ನಮ್ಮ ಕಸುಬಿನವರಿಗೆ ಗೊತ್ತು. ಬುಟ್ಟಿ ಹೊರುವವನನ್ನು ‘ಲೇ’ ಎನ್ನುತ್ತಾರೆ, ಗೋಡೆ ಕಟ್ಟುವ ಗೌಂಡಿಯನ್ನು ಹೆಸರು ಹಿಡಿದು ಕರೆಯುತ್ತಾರೆ, ಮೇಸ್ತ್ರಿಗೆ ಕುರ್ಚಿ ಹಾಕುತ್ತಾರೆ. ನನಗೆ ಆ ಕುರ್ಚಿ ಬೇಕಿತ್ತು.

ಮನೆಗೆ ಬಂದು ಟೇಪು ತೆಗೆದುಕೊಂಡು ಮಾಳಿಗೆ, ಅಂದರೆ ಮನೆಯ ಮಣ್ಣಿನ ಚಾವಣಿ, ಹತ್ತಿದೆ. ಕರಿ ಆಡು ಅಲ್ಲೇ ಇತ್ತು. ಅದು ನಮ್ಮದಲ್ಲ, ಪಕ್ಕದ ಮನೆಯ ರಮಜಾನಬಿ ಕಾಕುವಿನದು. ಎರಡೂ ಮನೆಗಳ ಮಾಳಿಗೆ ಕೂಡಿಕೊಂಡೇ ಇದೆ. ನಡುವೆ ಒಂದು ಗೇಣು ಎತ್ತರದ ಮಣ್ಣಿನ ಬದು. ಆಡಿಗೆ ಆ ಬದು ಯಾವ ಲೆಕ್ಕ?

“ಯಾರಿಗೆ ಬಯ್ಯಾಕತ್ತಿ?” ಎಂದು ಬೆಳಕಿಂಡಿಯಿಂದ ಕೆಳಗಿನ ಅವ್ವನ ಧ್ವನಿ ಬಂತು. ನಮ್ಮವ್ವ ಸಿದ್ದವ್ವ ರೊಟ್ಟಿ ಬಡಿಯುತ್ತಿದ್ದಳು.

“ಆಡಿಗೆ.”

“ಅದು ಏನಂತು?”

ನಾನು ಟೇಪು ಬಿಚ್ಚಿ ಅಳೆದೆ. ಉದ್ದ ಮೂವತ್ತು ಫೂಟು, ಅಗಲ ಹದಿನಾರು. ನಾನೂರ ಎಂಬತ್ತು ಚದರ ಫೂಟು. ಸಿಮೆಂಟು ನಲವತ್ತೈದು ಚೀಲ, ಅರ್ಧ ಟನ್ನು ಕಬ್ಬಿಣದ ಸಳಿ, ನೂರು ಘನ ಫೂಟಿನ ಒಂದು ಬ್ರಾಸ್ ಉಸುಕು, ಎರಡು ಬ್ರಾಸ್ ಖಡಿಕಲ್ಲು, ಸೆಂಟ್ರಿಂಗಿನವರ ಕೂಲಿ. ಸಿಮೆಂಟು ಚೀಲದ ಒಳಹಾಳೆಯ ಮೇಲೆ ಬರೆದು ಕೂಡಿಸಿದರೆ ಒಂದು ಲಕ್ಷ ಮೂವತ್ತನಾಲ್ಕು ಸಾವಿರದ ಮೇಲೆ ಚಿಲ್ಲರೆ. ಕಣ್ಣು ಮುಚ್ಚಿ ಹೇಳಿದ್ದೂ ಇಷ್ಟೇ. ಕೆಳಗಿಳಿದು ಅವ್ವನ ಮುಂದೆ ಹಾಳೆ ಹಿಡಿದೆ.

ಅವ್ವನಿಗೆ ಓದಲು ಬರುವುದಿಲ್ಲ. ಆದರೂ ಹಾಳೆಯನ್ನು ಬೆಳಕಿಗೆ ಹಿಡಿದು, ಮೇಲಿಂದ ಕೆಳಗೆ ನೋಡಿ, “ಮಣ್ಣು ಎಲ್ಲೈತಿ?” ಎಂದಳು.

“ಯಾವ ಮಣ್ಣು?”

“ನಿನ್ನ ತಲೀ ಮ್ಯಾಲಿಂದು. ಅದನ್ನ ಯಾರು ತಗೀತಾರು, ಆಡೇನು?”

ನಮ್ಮ ಕಡೆ ಮಣ್ಣಿನ ಮಾಳಿಗೆಗೆ ಪ್ರತಿ ವರ್ಷ ಮುಂಗಾರಿನ ಮಿರಗದ ಮಳೆಗೆ ಮುಂಚೆ ಹಾಳಮಣ್ಣು ಹಾಕುತ್ತಾರೆ. ಹಾಳು ಗೋಡೆಗಳಿಂದ ತಂದ ಬೂದಿ ಬಣ್ಣದ ಮಣ್ಣು ಅದು, ನೀರು ಕುಡಿಯುವುದಿಲ್ಲ. ಹಳೆಯ ಪದರ ಕೆರೆದು ಹೊಸದು ಹಾಕಬೇಕು. ನಮ್ಮಪ್ಪ ಇರುವ ತನಕ ಅವನು ಹಾಕಿದ, ಆಮೇಲೆ ನಾನು ಹಾಕಿದೆ. ಕೆರೆದದ್ದು ಮಾತ್ರ ನನಗೆ ನೆನಪಿಲ್ಲ.

ಮರುದಿನ ಹಾರೆ ತೆಗೆದುಕೊಂಡು ಒಂದು ಮೂಲೆಯಲ್ಲಿ ತೋಡಿದೆ. ಒಂದು ಗೇಣು ಹೋಯಿತು, ಹಲಗೆ ಸಿಗಲಿಲ್ಲ. ಎರಡು ಗೇಣು ಹೋಯಿತು. ಯಾವ ವರ್ಷದ್ದೋ ಹಸಿರು ಬಳೆಚೂರು ಸಿಕ್ಕಿತು, ನಾನು ಸಣ್ಣವನಿದ್ದಾಗ ಕಳೆದುಕೊಂಡ ಗೋಲಿ ಸಿಕ್ಕಿತು. ಅದಕ್ಕಾಗಿ ಯಾರನ್ನೋ ಹೊಡೆದಿದ್ದೆ. ಮೊಣಕೈ ತನಕ ಕೈ ಇಳಿದ ಮೇಲೆ ಬೆರಳಿಗೆ ಕಟ್ಟಿಗೆ ತಾಕಿತು. ಹತ್ತಿರ ಹತ್ತಿರ ಎರಡು ಫೂಟು ಮಣ್ಣು. ಹನ್ನೆರಡು ಟ್ರ್ಯಾಕ್ಟರು. ಇಷ್ಟು ವರ್ಷ ಅದರ ಕೆಳಗೆ ಮಲಗಿ ನಿದ್ದೆ ಹತ್ತಲಿಲ್ಲವೆಂದು ಸೆಕೆಗೆ ಬಯ್ಯುತ್ತಿದ್ದೆ.

“ಬಾವಿ ತೋಡಾಕತ್ತೀಯೇನೋ?” ಎಂದು ಬದುವಿನ ಆಚೆಯಿಂದ ಒಂದು ಬಿಳಿ ಟೋಪಿ ಮೇಲೆದ್ದಿತು. ಮೈಬೂಬ ಕಾಕಾ, ರಮಜಾನಬಿ ಕಾಕುವಿನ ಗಂಡ. ಇಪ್ಪತ್ತು ಗುಂಟೆ ಹೊಲದಲ್ಲಿ ನಲವತ್ತೆರಡು ಲಿಂಬಿ ಗಿಡ ಇಟ್ಟುಕೊಂಡಿದ್ದಾನೆ. ಗಂಡಹೆಂಡಿರ ಹೊಟ್ಟೆ, ಬಟ್ಟೆ, ಔಷಧ ಎಲ್ಲ ಆ ಗಿಡಗಳಿಂದಲೇ. ಕಾಯಿಯನ್ನು ಇಂಡಿಗೆ ಒಯ್ದು ದಲಾಲಿ ಕೊಟ್ಟು ಮಾರುವುದು ಇದೇ ಬಸಂತರಾಯರ ಅಡತಿಯಲ್ಲಿ. “ಮ್ಯಾಲೆ ನೀರು ಬಿದ್ರ ನನಗೂ ಒಂದು ಪೈಪು ಕೊಡು. ಗಿಡಕ್ಕ ಬಿಡ್ತೇನಿ.”

“ಕಾಕಾ, ಇಷ್ಟು ಮಣ್ಣು ಯಾಕ ಹಾಕ್ಯಾರ? ಒಮ್ಮೆನೂ ಯಾಕ ಕೆರದಿಲ್ಲ?”

“ನಾವು ಕೆರದಿದ್ರ ನಿಮ್ಮಪ್ಪ ಕೆರೀತಿದ್ದ. ನಿಮ್ಮಪ್ಪ ಕೆರದಿದ್ರ ನಾ ಕೆರೀತಿದ್ದೆ,” ಎಂದ ಕಾಕಾ. “ಎರಡೂ ಮನಿಗೆ ಒಂದ ದಿನ ಮಣ್ಣು ಹಾಕಬೇಕು, ಬುಟ್ಟಿ ಎಣಿಸಿ ಸಮಾ ಹಾಕಬೇಕು. ಹಿರ್ಯಾರು ಮಾಡಿದ ಪದ್ಧತಿ. ನಾ ನಲವತ್ತು ಬುಟ್ಟಿ ಅಂದ್ರ ಅಂವಾ ನಲವತ್ತು. ಕೆರಿಯೂ ಮಾತು ಪದ್ಧತಿಯೊಳಗ ಬರಲಿಲ್ಲ ನೋಡು.”

ಎಂಥ ಪದ್ಧತಿ. ನಾನು ತಿಳಿದುಕೊಂಡಿದ್ದು, ಅದು ನೆರೆಹೊರೆಯ ಪ್ರೀತಿಗೆ ಮಾಡಿದ್ದು ಎಂದು.

ಮಣ್ಣಿನ ಲೆಕ್ಕ ಬರೆದೆ. ಇನ್ನು ಬಾಕಿ ಏನೆಂದು ಅವ್ವನನ್ನೇ ಕೇಳಿದೆ. ಒಂದು ಸಲ ಸೋತ ಮೇಲೆ ಕೇಳುವುದಕ್ಕೆ ನಾಚಿಕೆ ಎಂಥದ್ದು. ಅವಳು ಬೆರಳು ಮಡಚುತ್ತ ಹೋದಳು. “ಎರಡು ತಿಂಗಳು ನಾವು ಎಲ್ಲಿರೂದು? ಬಾಡಿಗಿ ಬರಿ. ಜ್ವಾಳದ ಚೀಲ ಎಲ್ಲಿಡೂದು? ಅದೂ ಬರಿ. ಗ್ವಾಡಿ ಮ್ಯಾಲಿನ ಕಲ್ಲು ಸಡಿಲಾಗ್ಯಾವು, ಅದರ ಸುತ್ತ ಸಿಮೆಂಟಿನ ಪಟ್ಟಿ ಹಾಕಬೇಕಂತಿದ್ದೆಲ್ಲ ಮಂದಿ ಮನಿಗೆ ಹೋದಾಗ, ನಮ್ಮ ಮನಿಗೆ ಬ್ಯಾಡೇನು?”

“ತಗಡಿನ ಪತ್ರಾಸ ಹಾಕಿದ್ರ ಇದ್ಯಾವುದೂ ಬ್ಯಾಡ. ಅರವತ್ತು ಸಾವಿರದಾಗ ಮುಗೀತೈತಿ,” ಎಂದೆ, ಸಿಟ್ಟಿನಿಂದ.

“ಹಾಕು. ಬ್ಯಾಸಗ್ಯಾಗ ನಾ ಒಲಿ ಹಚ್ಚೂದ ಬ್ಯಾಡ. ರೊಟ್ಟಿ ಬಡದು ತಲೀ ಮ್ಯಾಲೆ ಇಟಗೊಂಡ್ರ ಬೇಯ್ತಾವು.” ಆಮೇಲೆ ತಾನೇ ಒಂದು ದಾರಿ ಹೇಳಿದಳು. ಊರಾಚೆಯ ಕಾಶಿಬಾಯಿಗೆ ತೋಟಕ್ಕೆ ಹಳೆಯ ಮಾಳಿಗೆ ಮಣ್ಣು ಬೇಕಾಗಿದೆ, ಗೊಬ್ಬರಕ್ಕಿಂತ ಚಲೋ ಅದು. ಅವಳೇ ಟ್ರ್ಯಾಕ್ಟರು ಕಳಿಸುತ್ತಾಳೆ, ನಾವು ತುಂಬಿ ಕೊಟ್ಟರೆ ಸಾಕು. ಹನ್ನೆರಡು ಟ್ರ್ಯಾಕ್ಟರಿನ ಬಾಡಿಗೆಯನ್ನು ಹಾಳೆಯಿಂದ ಹೊಡೆದು ಹಾಕಿದೆ. ನಾನು ಓದಿದ ಒಂಬತ್ತು ವರ್ಷಗಳ ಶಾಲೆಗಿಂತ ಈ ಹೆಂಗಸು ಶಾಲೆಗೆ ಹೋಗದೇ ಹೆಚ್ಚು ಕಲಿತಿದ್ದಳು. ಇದನ್ನು ಅವಳಿಗೆ ಹೇಳಲಿಲ್ಲ. ಹೇಳಿದ್ದರೆ ಊರಿಗೆಲ್ಲ ಹೇಳುತ್ತಿದ್ದಳು.

ಒಟ್ಟು ಒಂದು ಲಕ್ಷ ತೊಂಬತ್ತು ಸಾವಿರಕ್ಕೆ ಬಂತು. ಇನ್ನು ಕಳೆಯುವುದು ಒಂದೇ ಬಾಕಿ, ತೊಲೆ. ನಮ್ಮ ಮಾಳಿಗೆಯನ್ನು ಹೊತ್ತಿರುವುದು ಸಾಗವಾನಿಯ ದೊಡ್ಡ ತೊಲೆ. ಅದು ಗಟ್ಟಿ ಇದ್ದರೆ ಒಳ್ಳೆ ಬೆಲೆಗೆ ಹೋಗುತ್ತದೆ. ಗೆದ್ದಲು ತಿಂದಿದ್ದರೆ ಒಲೆಗೆ. ಶುಕ್ರವಾರ ಮಧ್ಯಾಹ್ನ ಏಣಿ ಹಾಕಿ, ನಮ್ಮ ಪಡಸಾಲೆಯ ಕಡೆಯ ತುದಿಗೆ ಸುತ್ತಿಗೆಯಿಂದ ಜೋರಾಗಿ ನಾಲ್ಕು ಏಟು ಹಾಕಿದೆ. ಘಣ್ ಎಂದಿತು. ಕಬ್ಬಿಣದಂಥ ಕಟ್ಟಿಗೆ.

ಗೋಡೆಯ ಆಚೆ ರಮಜಾನಬಿ ಕಾಕು ಕೂಗಿದಳು. “ಯಾರವರು? ನನ್ನ ಚಾದಾಗ ಮಣ್ಣು ಬಿತ್ತು!”

ನಾನು ಏಣಿಯ ಮೇಲೆಯೇ ನಿಂತೆ. ನಮ್ಮ ತೊಲೆ ನಡುಗೋಡೆಯ ಕಂಬದ ಮೇಲೆ ಮುಗಿಯುತ್ತದೆ, ಆಚೆ ಅವರ ತೊಲೆ ಅಲ್ಲಿಂದ ಶುರುವಾಗುತ್ತದೆ ಎಂದು ನಾನು ಹುಟ್ಟಿದಾಗಿನಿಂದ ತಿಳಿದಿದ್ದೆ. ಕಂಬ ಗೋಡೆಯೊಳಗೆ ಹೂತಿದೆ, ಕೂಡುವ ಜಾಗ ಯಾರಿಗೂ ಕಾಣುವುದಿಲ್ಲ. ಇನ್ನೊಂದು ಏಟು ಮೆಲ್ಲಗೆ ಹಾಕಿದೆ.

“ಹಾಂ, ಈಗ ಸಕ್ಕರಿ ಡಬ್ಬಿಯೊಳಗ ಬಿತ್ತು,” ಎಂದಿತು ಗೋಡೆ.

ಇಳಿದು ಅವ್ವನ ಬಳಿ ಹೋದೆ. ಅವಳು ಜೋಳ ಹಸನು ಮಾಡುತ್ತಿದ್ದಳು.

“ಎರಡೂ ಮನಿಗೆ ಒಂದ ತೊಲಿ ಐತೇನು?”

“ಹೌದು.”

“ನಿನಗ ಗೊತ್ತಿತ್ತೇನು?”

“ಊರಿಗೆಲ್ಲ ಗೊತ್ತೈತಿ. ನೀ ಗೌಂಡಿ ಅದೀ, ನಿನಗೂ ಗೊತ್ತಿರ್ತೈತಿ ಅಂತ ತಿಳಕೊಂಡಿದ್ದೆ.”

ಆಮೇಲೆ ಕಥೆ ಹೇಳಿದಳು. ಸಿಂದಗಿಯಲ್ಲಿ ಒಂದು ಹಳೆಯ ವಾಡೆ, ದೊಡ್ಡ ಮನೆ, ಕೆಡವಿದಾಗ ಅದರ ಕಟ್ಟಿಗೆ ಹರಾಜಿಗೆ ಬಂದಿತ್ತು. ನನ್ನ ಮುತ್ತಜ್ಜ ಮತ್ತು ಮೈಬೂಬ ಕಾಕಾನ ಅಜ್ಜ ಅರ್ಧರ್ಧ ರೊಕ್ಕ ಹಾಕಿ ಮೂವತ್ತೆರಡು ಫೂಟಿನ ಒಂದೇ ತೊಲೆ ಹಿಡಿದರು, ಮಧ್ಯದಲ್ಲಿ ಕೊಯ್ದು ಹಂಚಿಕೊಳ್ಳಬೇಕೆಂದು. ಎರಡು ಬಂಡಿ ಕೂಡಿಸಿ ಊರಿಗೆ ತಂದರು. ತಂದ ಮೇಲೆ ನೋಡಿದರೆ ಒಂದು ತುದಿ ದಪ್ಪ, ಒಂದು ತುದಿ ಸಣ್ಣದು. ದಪ್ಪ ತುದಿ ಯಾರಿಗೆ? ನೀ ತಗೋ ಎಂದು ಇವನು, ನೀನೇ ತಗೋ ಎಂದು ಅವನು. ಬಾಯಲ್ಲಿ ಹೀಗೆ, ಮನಸ್ಸಿನಲ್ಲಿ ಇಬ್ಬರಿಗೂ ದಪ್ಪದ್ದೇ ಬೇಕು. ಮೂರು ದಿನ ಊರ ಅಗಸಿ ಬಾಗಿಲ ಮುಂದೆ ತೊಲೆ ಬಿದ್ದಿತ್ತು. ಕೊಯ್ಯಲು ಬಂದ ಬಡಿಗ ಮೂರು ದಿನ ಎರಡೂ ಮನೆಯಲ್ಲಿ ಉಂಡು, ನಾಲ್ಕನೇ ದಿನ ಗರಗಸ ಹೆಗಲ ಮೇಲೆ ಹಾಕಿಕೊಂಡು ಹೋಗಿಬಿಟ್ಟ. ಕೊನೆಗೆ ಕೊಯ್ಯದೇ ಇಡೀ ತೊಲೆಯನ್ನು ಎರಡು ಮನೆಗೂ ಅಡ್ಡ ಇಟ್ಟು, ನಡುವೆ ಒಂದು ಕಂಬ ಕೊಟ್ಟರು.

“ದಪ್ಪ ತುದಿ ಯಾರ ಕಡೆ ಬಂತು?” ಎಂದೆ.

“ನೋಡು, ನಿನಗೂ ಅದ ಬೇಕು,” ಎಂದು ಅವ್ವ ನಕ್ಕಳು. “ಅವರ ಕಡೆ ಬಂತು. ಅದಕ್ಕ ರಮಜಾನಬಿ ಹಬ್ಬಕ್ಕ ಶಾವಿಗಿ ಸುರಕುಂಬಾ ಕೊಡೂವಾಗ ಒಂದು ಬಟ್ಟಲಾ ಹೆಚ್ಚಿಗಿ ಹಾಕ್ತಾಳ.”

ಸಂಜೆ ರೇವಣಪ್ಪನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದೆ. ಅವನು ಏಣಿ ಹತ್ತಲಿಲ್ಲ. ಎರಡೂ ಮನೆಯೊಳಗೆ ಹೋಗಿ ಕತ್ತೆತ್ತಿ ನೋಡಿದ, ಗೋಡೆಗೆ ಕಿವಿ ಕೊಟ್ಟ, ಎರಡೂ ಮನೆಯಲ್ಲಿ ಚಹಾ ಕುಡಿದ. ಹೊರಗೆ ಕಟ್ಟೆಯ ಮೇಲೆ ಕೂತು ಮೊಣಕಾಲು ತಿಕ್ಕಿಕೊಳ್ಳುತ್ತ ಹೇಳಿದ.

“ತಕ್ಕಡಿ ನೋಡೀಯಲ್ಲ? ಇದು ತಕ್ಕಡಿ. ನಡುವ ಕಂಬ, ಎರಡೂ ಕಡೆ ಸಮಾ ಮಣ್ಣು. ಎರಡೂ ತುದಿಗೆ ಇರೂ ಗ್ವಾಡಿ ಹಳೇ ಮಣ್ಣಿನವು, ಅವು ಹೊತ್ತದ್ದು ಅಷ್ಟಕ್ಕಷ್ಟ. ಈ ಕಡೀ ಭಾರ ಇಳಿಸಿದ್ರ ಆ ಕಡಿದು ಕುಂದರತೈತಿ.”

“ನಡುವ ಕೊಯ್ದ್ರ?”

“ಗರಗಸದ ಪೆಟ್ಟಿಗೇ ಕಾಕುನ ಚಾದಾಗ ಮ್ಯಾಳಗಿ ಬೀಳ್ತೈತಿ. ನಿನ್ನ ಮ್ಯಾಳಗಿ ಒಂದ ತಗಿಯಾಕ ಬರೂದಿಲ್ಲೋ. ತಗದ್ರ ಎರಡೂ ತಗೀಬೇಕು, ಹಾಕಿದ್ರ ಎರಡೂ ಹಾಕಬೇಕು.” ಮಾಳಿಗೆಯತ್ತ ಕೈ ಮಾಡಿ ಅಂದ. “ಹಿರ್ಯಾರು ಬುಟ್ಟಿ ಎಣಿಸಿ ಸಮಾ ಹಾಕ್ರಿ ಅಂದದ್ದು ಇದಕ್ಕ.”

ಪ್ರೀತಿಗೆ ಮಾಡಿದ್ದಲ್ಲ, ತೂಕಕ್ಕೆ ಮಾಡಿದ್ದು. ತೂಕ ಮರೆತುಹೋಯಿತು, ಪ್ರೀತಿ ಮಾತ್ರ ಉಳಿಯಿತು. ಅದರ ಮೇಲೆ ಎರಡು ಫೂಟು ಮಣ್ಣು ಕೂತಿತು.

ಆ ರಾತ್ರಿ ನಾನು ಎರಡನೆಯ ಹಾಳೆ ಬರೆದೆ. ನಮ್ಮದು ಒಂದು ಲಕ್ಷ ತೊಂಬತ್ತು, ಕಾಕಾನ ಮನೆಯದು ಒಂದು ಲಕ್ಷ ಎಂಬತ್ತು. ಒಟ್ಟು ಮೂರು ಲಕ್ಷ ಎಪ್ಪತ್ತು ಸಾವಿರ. ನಮ್ಮ ಮನೆಯ ಮಾಳಿಗೆಯ ನಿಜವಾದ ಬೆಲೆ ಇದು. ಸರಿಯಾದ ಅಂಕಿ ಕೈಯಲ್ಲಿದ್ದರೂ ಯಾರ ಮೇಲೆ ಸಿಟ್ಟಾಗಬೇಕೆಂದು ತಿಳಿಯಲಿಲ್ಲ. ಸಿಟ್ಟಾಗಬೇಕಾದ ಇಬ್ಬರೂ ಸತ್ತು ಎಷ್ಟೋ ವರ್ಷವಾಗಿತ್ತು.

ಶನಿವಾರ ಬೆಳಿಗ್ಗೆ ಮೈಬೂಬ ಕಾಕಾ ಬಂದ. ಗೋಡೆಗೆ ಬರೀ ಕಿವಿಯಲ್ಲ, ಬಾಯೂ ಇರುತ್ತದೆ. ಅವನಿಗೆ ಎಲ್ಲ ಗೊತ್ತಾಗಿತ್ತು.

“ನಾಳೆ ಸಾವ್ಕಾರ್ರ ಮುಂದ ಎಷ್ಟು ಹೇಳ್ತಿ?” ಎಂದ.

“ನಮ್ಮದಷ್ಟ ಹೇಳ್ತೇನಿ.”

“ಅದು ಸುಳ್ಳು ಅಂಕಿ. ಅವರು ಹಳೇ ಮನಿ ಎಷ್ಟು ಕೆಡವ್ಯಾರ, ಎಷ್ಟು ಕಟ್ಟ್ಯಾರ. ಗ್ವಾಡಿ ಆಚೀಕಡಿ ಏನೈತಿ ಅಂತ ಕೇಳ್ದ ಬಿಡೂದಿಲ್ಲ. ಸಿಕ್ಕೊಂಡು ಬೀಳ್ತಿ.” ಕಾಕಾ ಕಟ್ಟೆಯ ಮೇಲೆ ಕೂತು ಟೋಪಿ ತೆಗೆದು ತೊಡೆಯ ಮೇಲಿಟ್ಟ. “ಎರಡರದೂ ಹೇಳು. ನಂದು ನಾ ಹಾಕ್ತೇನಿ.”

“ಎಲ್ಲಿಂದ ಹಾಕ್ತಿ?”

“ಗಿಡ ಅದಾವಲ್ಲ.”

“ಗಿಡದಾಗ ಲಿಂಬಿ ಬಿಡ್ತಾವ, ಸಿಮೆಂಟು ಬಿಡೂದಿಲ್ಲ.”

“ಹೊಲಕ್ಕ ಗಿರಾಕಿ ಅದಾರು. ಪಕ್ಕದ ತೋಟದವರು ಎರಡು ವರ್ಷದಿಂದ ಕೇಳಾಕತ್ತಾರ. ನನಗೂ ವಯಸ್ಸಾತು, ಕೊಡಾ ಹೊತ್ತು ನೀರು ಹಾಕೂದು ಸಾಕಾಗೈತಿ.” ಸಾಕಾದವನ ಮುಖ ಹಾಗಿರುವುದಿಲ್ಲ. ಅವನು ಆ ಗಿಡಗಳ ಬುಡದಲ್ಲಿ ಮಧ್ಯಾಹ್ನ ಮಲಗುವುದನ್ನು ನಾನು ದಿನಾ ನೋಡುತ್ತೇನೆ.

“ನನಗ ಸ್ಲ್ಯಾಬೂ ಬ್ಯಾಡ, ಗೋದಾಮೂ ಬ್ಯಾಡ. ಹೋಗು ಕಾಕಾ,” ಎಂದು ಕೂಗಾಡಿದೆ.

“ಕೂಗು. ನಿನಗ ಅದೊಂದು ಚಂದ ಬರ್ತೈತಿ,” ಎಂದು ಅವನು ನಕ್ಕ. “ರೇವಣಪ್ಪ ನಿನಗ ಮೇಸ್ತ್ರಿಕಿ ಬಿಟ್ಟು ಕೊಡ್ತಾನ ಅಂದ್ರ ಸಣ್ಣ ಮಾತೇನೋ? ನಮ್ಮ ಮನಿ ಗ್ವಾಡಿ ಅಡ್ಡ ಬಂತು ಅಂತ ನಾಳೆ ನಿಮ್ಮವ್ವ ನನ್ನ ಹೆಂಡತಿ ಮುಖಾ ಹ್ಯಾಂಗ ನೋಡಬೇಕು? ಕೇಳಿಲ್ಲಿ. ಅಂಕಿ ನಿಂದು, ನೀನ ಹೇಳಬೇಕು. ನಾ ನಡುವ ಬಾಯಿ ಹಾಕೂದಿಲ್ಲ. ಮಂದಿ ಮುಂದ ನೀ ಅಂಕಿ ಹೇಳಿದಿ ಅಂದ್ರ, ನಾ ಹೌದು ಅಂತೇನಿ. ಅಂದ ಮ್ಯಾಲೆ ಹಿಂದ ಸರಿಯೂದಿಲ್ಲ.”

ಅವನು ಹಿಂದೆ ಸರಿಯುವವನಲ್ಲ. ಮೂವತ್ತು ವರ್ಷ ಒಂದು ಬುಟ್ಟಿ ಮಣ್ಣೂ ಕಡಿಮೆ ಹಾಕದವನು.

ಅವನು ಹೋದ ಮೇಲೆ ಅವ್ವ ಹೊರಗೆ ಬಂದಳು. ರಮಜಾನಬಿ ಕಾಕು ಟ್ರಂಕಿನ ತಳದಿಂದ ಹೊಲದ ಉತಾರ, ಅಂದರೆ ಹಕ್ಕಿನ ಕಾಗದ, ತೆಗೆದು ಕೊಟ್ಟಿದ್ದಾಳಂತೆ. ಕೊಡುವಾಗ ಗಂಡನಿಗೆ ಹೇಳಿದಳಂತೆ, ‘ಇನ್ನ ಮ್ಯಾಲೆ ಉಪ್ಪಿನಕಾಯಿಗೂ ಲಿಂಬಿ ಕೊಂಡು ತರೂದಾತು.’ ಅವ್ವ ಇದನ್ನು ನಗುತ್ತಲೇ ಹೇಳಿದಳು. ಹೇಳಿ ಒಳಗೆ ಹೋಗಿ ಬಹಳ ಹೊತ್ತು ಪಾತ್ರೆ ತಿಕ್ಕಿದಳು.

ಭಾನುವಾರ ಬಸಂತರಾಯರ ಅಡತಿ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಲಿಂಬಿ ರಾಶಿ, ಚೀಲ, ರೈತರು, ಹಮಾಲರು. ನಮ್ಮ ಗ್ಯಾಂಗಿನವರು ಕೆಲಸವಿಲ್ಲದ ದಿನವೂ ಸ್ನಾನ ಮಾಡಿ ಬಂದಿದ್ದರು. ತಮಾಷೆಗೆ ಯಾರೂ ತಡ ಮಾಡುವುದಿಲ್ಲ. ರೇವಣಪ್ಪ ಮೊಣಕಾಲು ಚಾಚಿ ಚೀಲದ ಮೇಲೆ ಕೂತಿದ್ದ. ಮೂಲೆಯ ತಕ್ಕಡಿಯ ಬಳಿ ಮೈಬೂಬ ಕಾಕಾ ತನ್ನ ಎರಡು ಚೀಲಗಳ ಪಕ್ಕ ನಿಂತಿದ್ದ. ಒಗೆದ ಅಂಗಿ ಹಾಕಿಕೊಂಡಿದ್ದ. ಎದೆಯ ಜೇಬಿನಲ್ಲಿ ಮಡಚಿದ ಕಾಗದದ ತುದಿ ಕಾಣುತ್ತಿತ್ತು.

“ಬಂದ್ರು ನೋಡ್ರಿ ಮ್ಯಾಳಗಿ ಸಾವ್ಕಾರ್ರು,” ಎಂದರು ಬಸಂತರಾಯರು. “ಆಡು ಕರಕೊಂಡು ಬಂದಿಲ್ಲೇನು? ಸಾಕ್ಷಿ ಹೇಳ್ತಿತ್ತು.”

ನಾನು ಮೊದಲನೆಯ ಹಾಳೆ ಕೊಟ್ಟೆ. ಎರಡನೆಯದು ನನ್ನ ಜೇಬಿನಲ್ಲಿತ್ತು. ಅವರು ಕನ್ನಡಕ ಹಾಕಿ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದರು.

“ಸಿಮೆಂಟು, ಸಳಿ... ಹೂಂ. ಮಣ್ಣು ಬರದೀ. ಎಷ್ಟು ದಪ್ಪ ಐತಿ?”

“ಎರಡು ಫೂಟರಿ.”

“ಎರಡು ಫೂಟು ಹೊತ್ತು ಮಲಗಿದ್ದಕ್ಕ ನಿನ್ನ ತಲಿ ಹಿಂಗಾಗೈತಿ.” ನಗೆ. “ಹನ್ನೆರಡು ಟ್ರ್ಯಾಕ್ಟರು ಅಂತ ಬರದೀ, ಬಾಡಿಗಿ ಯಾಕ ಹೊಡದೀ?”

“ತೋಟಕ್ಕ ಒಯ್ತಾರ್ರಿ. ಅವರದ ಟ್ರ್ಯಾಕ್ಟರು.”

ಸಾವಕಾರರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಮುಂದಿನ ಸಾಲುಗಳನ್ನು ತಮಾಷೆ ಮಾಡದೇ ಓದಿದರು. ಬಾಡಿಗೆ, ಜೋಳದ ಚೀಲ, ನಡುಗೋಡೆಯೂ ಸೇರಿ ಗೋಡೆಯ ಪಟ್ಟಿ. ನಮ್ಮ ಗ್ಯಾಂಗಿನವರು ನಗು ಕಡಿಮೆ ಮಾಡಿ ಕುತ್ತಿಗೆ ಮುಂದೆ ಚಾಚಿದರು. ಹಮಾಲನೊಬ್ಬ ಒಂದು ಕುರ್ಚಿ ಸರಿಸಿ ನನ್ನ ಹಿಂದೆ ಇಟ್ಟ. ಇಟ್ಟದ್ದು ನನಗಾಗಿಯೋ, ದಾರಿಗೆ ಅಡ್ಡ ಬಂತೆಂದೋ ಗೊತ್ತಿಲ್ಲ. ನಾನು ಕೂರಲಿಲ್ಲ.

“ಎಲ್ಲಾ ಐತಲ್ಲೋ ಇದರಾಗ,” ಎಂದರು ಸಾವಕಾರರು. ನಿಜವಾಗಿ ಖುಷಿಯಾದವರ ಧ್ವನಿ ಅದು. “ಇಷ್ಟು ಪೂರಾ ರೇವಣಪ್ಪನೂ ಬರೀತಿರಲಿಲ್ಲ. ಆದ್ರ ಒಂದು ಮಾತು ಉಳೀತು. ನಡುಗ್ವಾಡಿ ಅಂತ ಬರದೀ. ಅದರ ಆಚೀಕಡಿ ಒಂದು ಮನಿ ಇರಬೇಕಲ್ಲ. ನಿನ್ನ ಮ್ಯಾಳಗಿ ಬಿಚ್ಚಿದ್ರ ಅವರದು ಏನಾಕ್ಕೈತಿ? ಅದರ ಖರ್ಚು ಎಷ್ಟು?”

ಆ ಆಚೆಕಡೆಯವನು ತಮ್ಮ ತಕ್ಕಡಿಯ ಪಕ್ಕದಲ್ಲೇ ನಿಂತಿದ್ದಾನೆಂದು ಅವರಿಗೆ ಗೊತ್ತಿರಲಿಲ್ಲ.

ಉತ್ತರ ನನ್ನ ಜೇಬಿನಲ್ಲಿತ್ತು, ನನ್ನ ಕೈಬರಹದಲ್ಲಿ, ಚಿಲ್ಲರೆ ಸಮೇತ. ಬಾಯಿ ಬಿಟ್ಟರೆ ಗೋದಾಮು ನನ್ನದು, ಹಿಂದಿನ ಕುರ್ಚಿಯೂ ನನ್ನದು. ರೇವಣಪ್ಪ ನೆಲ ನೋಡುತ್ತಿದ್ದ. ಮೈಬೂಬ ಕಾಕಾ ನೆಟ್ಟಗಾದ, ಟೋಪಿ ಸರಿ ಮಾಡಿಕೊಂಡ, ಬಲಗೈ ಎತ್ತಿ ಎದೆಯ ಜೇಬಿನ ಮೇಲಿಟ್ಟ. ನಾನು ಹೇಳುವುದನ್ನೇ ಕಾಯುತ್ತಿದ್ದ. ‘ಹೇಳೋ’ ಎನ್ನುವಂತೆ ಒಂದು ಸಲ ತಲೆಯನ್ನೂ ಅಲ್ಲಾಡಿಸಿದ. ಅವನ ಹಿಂದೆ ತಕ್ಕಡಿಯ ಒಂದು ತಟ್ಟೆಯಲ್ಲಿ ಅವನ ಲಿಂಬಿ ಹಳದಿಯಾಗಿ ಗುಡ್ಡೆ ಬಿದ್ದಿತ್ತು. ಇನ್ನೊಂದು ತಟ್ಟೆಗೆ ಕಲ್ಲು ಇನ್ನೂ ಇಟ್ಟಿರಲಿಲ್ಲ.

“ಯಾಕ ತಮ್ಮಾ,” ಎಂದರು ಸಾವಕಾರರು. “ಗೊತ್ತಿಲ್ಲೇನು?”

ಗೊತ್ತಿಲ್ಲ ಎಂದರೂ ಅದು ಉತ್ತರವೇ. ಹಾಗಂದಿದ್ದರೆ, ಬಾಯಿ ಹಾಕುವುದಿಲ್ಲವೆಂದ ಕಾಕಾನೇ ನನ್ನ ಮಾನ ಉಳಿಸಲು ಹೊಲ ಮಾರುವ ಮಾತು ಆಡಿಬಿಡುತ್ತಿದ್ದ. ನಾನು ಕೈ ಚಾಚಿ ಸಾವಕಾರರ ಬೆರಳಿನ ಕೆಳಗಿಂದ ಹಾಳೆ ಎಳೆದುಕೊಂಡು, ಮಡಚಿ, ಇನ್ನೊಂದು ಹಾಳೆಯ ಜೊತೆಗೆ ಜೇಬಿಗೆ ಹಾಕಿದೆ.

“ನಿಂದರೋ, ಎಲ್ಲಿ ಹೊಂಟಿ? ಮನಿಗೆ ಹೋಗಿ ಆಡಿಗೆ ಕೇಳಿಕೊಂಡು ಬರ್ತೀಯೇನು?”

ಅಂಗಡಿಗೆ ಅಂಗಡಿಯೇ ನಕ್ಕಿತು. ಕಾಕಾನ ಕೈ ಜೇಬಿನ ಮೇಲೆಯೇ ಇತ್ತು, ಉತಾರ ಒಳಗೇ ಇತ್ತು. ಕುರ್ಚಿಯನ್ನು ಬದಿಗೆ ಸರಿಸಿ, ರಾಶಿಯಿಂದ ಉರುಳಿದ್ದ ಲಿಂಬಿಗಳನ್ನು ತುಳಿಯದಂತೆ ಹೆಜ್ಜೆ ಎತ್ತಿಡುತ್ತ, ನಾನು ಬಾಗಿಲು ದಾಟಿ ಬಿಸಿಲಿಗೆ ಬಂದೆ. ಹಿಂದಿನಿಂದ ಇನ್ನೂ ಕರೆಯುತ್ತಿದ್ದರು. ತಿರುಗಿ ನೋಡದೆ ನಡೆದೆ.